ಮುಪ್ಪಿನ ಹೃದಯ ತುಂಬಿಕೊಳ್ಳುವ ಬಗೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದ ನನ್ನಲ್ಲಿಗೆ ಬರುವ ಹಿರಿಯರಲ್ಲಿ ಹಲವರ ಕೈಯಲ್ಲಿ ಎಕೋ ಪರೀಕ್ಷೆಯ ವರದಿ ಇರುತ್ತದೆ. ಅದರ ಕೊನೆಗೆ ‘ಗ್ರೇಡ್ ಒನ್ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂಬ ಒಂದು ಸಾಲು. ಅದನ್ನೋದಿದ ಮಕ್ಕಳು ತಂದೆಯನ್ನು ಹೊಲಕ್ಕೆ ಬಿಡುವುದಿಲ್ಲ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವರು ಇಂದು ಕಟ್ಟೆ ಹಿಡಿದು ಕುಳಿತುಬಿಡುತ್ತಾರೆ. ಈ ಅಂಜಿಕೆ ಬಹುಮಟ್ಟಿಗೆ ಅನಗತ್ಯವೆಂಬುದೇ ನನ್ನ ಇಂದಿನ ಮಾತು.

ಹೃದಯವೆಂದರೆ ರಕ್ತವನ್ನು ನೂಕುವ ಯಂತ್ರವೆಂದು ನಾವು ಬಣ್ಣಿಸುತ್ತೇವೆ. ನೂಕುವ ಮುನ್ನ ಅದು ತುಂಬಿಕೊಳ್ಳಬೇಕಷ್ಟೆ? ಹಿಂದೆ ತೋಟದ ಬಾವಿಗಳಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ತೊಗಲು ಮೆತ್ತಗಿರುವಾಗ ಚೀಲ ನೀರು ಮುಟ್ಟಿದೊಡನೆ ಬಾಯ್ದೆರೆದು ತುಂಬುತ್ತಿತ್ತು. ತೊಗಲು ಬಿರುಸಾದ ಮೇಲೆ ಎತ್ತುಗಳ ಕಸುವು ಅಷ್ಟೇ ಇದ್ದರೂ ಚೀಲ ತುಂಬಲು ತುಸು ಹೊತ್ತು ಹಿಡಿಯುತ್ತಿತ್ತು. ವಯಸ್ಸಾದ ಹೃತ್ಕುಕ್ಷಿಯ ಸ್ಥಿತಿಯೂ ಇದೇ. ಅದರ ಸಂಕೋಚನದ ಬಲ ವಿಶ್ರಾಂತಿಯಲ್ಲಿ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ಸಡಿಲಗೊಳ್ಳುವಿಕೆ ಮಾತ್ರ ನಿಧಾನವಾಗುತ್ತದೆ. ಮೊದಲ ರಭಸದಲ್ಲಿ ತುಂಬುವ ವೇಗವು 20ರ ಹರೆಯದಲ್ಲಿದ್ದುದು 80ರ ಹೊತ್ತಿಗೆ ಸುಮಾರು ಅರ್ಧಕ್ಕಿಳಿಯುತ್ತದೆ. ಆ ಕೊರತೆಯನ್ನು ಮೇಲಿನ ಹೃತ್ಕರ್ಣವು ಕೊನೆಯ ಗಳಿಗೆಯಲ್ಲಿ ಬಲವಾಗಿ ಒತ್ತಿ ತುಂಬಿಕೊಡುತ್ತದೆ. ವರದಿಯ ಆ ಸಾಲು ಅನೇಕ ವೃದ್ಧರಲ್ಲಿ ಸೂಚಿಸುವುದು ಈ ಏರ್ಪಾಡನ್ನೇ.

ಆದರೆ ಏರ್ಪಾಡಿಗೂ ಮಿತಿಯಿದೆ. ನಿಮಿಷಕ್ಕೆ 75 ಬಡಿತವಿದ್ದಾಗ ಒಂದೊಂದು ಬಡಿತಕ್ಕೆ 0.8 ಸೆಕೆಂಡು, ಅದರಲ್ಲಿ ಸುಮಾರು 0.5 ಸೆಕೆಂಡು ತುಂಬಿಕೊಳ್ಳುವುದಕ್ಕೆ. ಬಡಿತ ಹೆಚ್ಚಿದಂತೆ ಮೊಟಕಾಗುವುದು ಮುಖ್ಯವಾಗಿ ಈ ತುಂಬುವ ಹೊತ್ತೇ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡವನ್ನು ಮೊಮ್ಮಗ ಓಡುತ್ತ ಏರಿದರೆ ಅಜ್ಜಿ ನಡುನಡುವೆ ನಿಲ್ಲುವುದು ಇದರಿಂದಲೂ ಹೌದು. ನಿಲ್ಲಲಿ, ಅವಸರಪಡಿಸಬಾರದು. ಉಪವಾಸದ ನೆವದಲ್ಲಿ ನೀರನ್ನೂ ಬಿಟ್ಟು ಬಿಸಿಲಿಗೆ ಹೊರಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮೈಯ ನೀರು ಇಳಿದರೆ ಬಿರುಸಾದ ಚೀಲ ಇನ್ನಷ್ಟು ಬರಿದಾಗಿ, ಎದ್ದು ನಿಂತೊಡನೆ ಕಣ್ಣು ಕತ್ತಲೆ ಬಂದೀತು. (ವೈದ್ಯರು ನೀರಿಗೆ ಮಿತಿ ಹಾಕಿದವರ ಮಾತು ಬೇರೆ.)

ಕಟ್ಟೆ ಹಿಡಿದು ಕುಳಿತರೆ ಬಿರುಸು ಕಡಿಮೆಯಾಗದು. ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರು 2018ರಲ್ಲಿ ಪ್ರಕಟಿಸಿದಂತೆ, ಕುಳಿತೇ ಕಾಲ ಕಳೆಯುತ್ತಿದ್ದ ನಡುವಯಸ್ಸಿನವರು ಎರಡು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿದಾಗ ಹೃದಯದ ಬಿಗುಪು ಕಡಿಮೆಯಾಯಿತು. 65 ದಾಟಿದವರು ಒಂದು ವರ್ಷ ಶ್ರಮಿಸಿದಾಗ ಬಿಗುಪು ಅಷ್ಟಾಗಿ ಸಡಿಲಲಿಲ್ಲವೆಂದು ಅವರೇ ಮೊದಲು ಕಂಡಿದ್ದರು. ಆದರೂ ಅವರ ದೇಹದ ಕಸುವು ಹೆಚ್ಚಿತ್ತು. ಆದುದರಿಂದ ನಡಿಗೆಯನ್ನು ಐವತ್ತರೊಳಗೇ ರೂಢಿಸಿಕೊಂಡರೆ ಲೇಸು. ದಿನವಿಡೀ ಮಗ್ಗದ ಮುಂದೆ ಕುಳಿತಿರುವ ರಾಮದುರ್ಗದ ನೇಕಾರ ಬಂಧುಗಳಿಗೆ ಇದನ್ನು ಒತ್ತಿ ಹೇಳಬಯಸುತ್ತೇನೆ. ಏರಿದ ರಕ್ತದೊತ್ತಡ, ಸಕ್ಕರೆ ರೋಗಗಳು ಈ ಬಿರುಸನ್ನು ಬೇಗನೆ ತರುವುದರಿಂದ ಅವುಗಳ ಔಷಧವನ್ನು ನಡುವೆ ಬಿಡಬಾರದು.

ಇನ್ನು, ಎಲ್ಲ ಏದುಸಿರೂ ಮುಪ್ಪಿನದಲ್ಲ. ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುವುದು, ನಡುರಾತ್ರಿ ಉಸಿರಿಗಾಗಿ ಎದ್ದು ಕೂರುವುದು, ಪಾದಗಳು ಬಾತುಕೊಳ್ಳುವುದು, ನೆಲದ ಮೇಲಿನ ನಡಿಗೆಗೂ ಹಿಂದಿಲ್ಲದ ಆಯಾಸ, ಇವು ರೋಗದ ಲಕ್ಷಣಗಳು. ನಾಡಿಯ ತಾಳ ತಪ್ಪಿದರಂತೂ ಹೃತ್ಕರ್ಣವು ಬರಿದೆ ನಡುಗುತ್ತದೆ. ಅದು ಒತ್ತಿ ತುಂಬಿಕೊಡುತ್ತಿದ್ದ ಪಾಲು ತಟ್ಟನೆ ನಿಲ್ಲುತ್ತದೆ. ಅಂಥವರನ್ನು ವಾರದ ಸಂತೆಗೆ ಹೋದಾಗ ತೋರಿಸಿದರಾಯಿತೆಂದು ಕಾಯಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.