ವಿದ್ಯಾಲಯಗಳ ವರ್ಷಾಂತ್ಯದ ಲೆಕ್ಕ
(ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಚೈತ್ರಮಾಸವು ಸಮೀಪಿಸುತ್ತಲೇ ವಿದ್ಯಾಲಯಗಳಿಗೆ ಲೆಕ್ಕವೊಪ್ಪಿಸುವ ಕಾಲವು ಒದಗುವುದು. ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳು ಒಂದೊಂದಾಗಿ ತಮ್ಮ ವರ್ಷದ ವರದಿಯನ್ನು ಗುರುಸನ್ನಿಧಿಗೆ ಒಪ್ಪಿಸುವುವು. ಇಷ್ಟು ಜನ ವಿದ್ಯಾರ್ಥಿಗಳು ಪರೀಕ್ಷೆಗೆ ಕುಳಿತರು, ಅವರಲ್ಲಿ ಇಷ್ಟು ಜನ ಉತ್ತೀರ್ಣರಾದರು, ಚರ್ಚಾಕೂಟದಲ್ಲಿ ಢಾಲು ದೊರೆಯಿತು, ಖೋ ಖೋ ಆಟದಲ್ಲಿ ಬಾಲಿಕೆಯರು ಜಿಲ್ಲೆಗೆ ಮೊದಲಿಗರಾದರು ಎಂಬಿವೇ ಮೊದಲಾದ ವಾರ್ತೆಗಳನ್ನು ಕೇಳಿ ಭಕ್ತರ ಮನಸ್ಸು ತಣಿಯುವುದು ಸಹಜವೇ ಸರಿ. ಬೆಳೆದ ಪೈರನ್ನು ಕಂಡು ಒಕ್ಕಲಿಗನು ಹಿಗ್ಗದೆ ಇರುವನೆ? ಆದರೆ ಜಾಣನಾದ ಒಕ್ಕಲಿಗನು ಕಣದಲ್ಲಿ ರಾಶಿಯನ್ನಷ್ಟೇ ಅಳೆದು ಸುಮ್ಮನಾಗುವುದಿಲ್ಲ. ಬಿತ್ತಿದ ಬೀಜವೆಷ್ಟು, ಮೊಳೆಯದೆ ಹೋದುದೆಷ್ಟು, ಮೊಳೆತೂ ಬಾಡಿದುದೆಷ್ಟು ಎಂಬುದನ್ನು ವಿಚಾರಿಸಿಕೊಂಡೇ ಮುಂದಿನ ಮುಂಗಾರಿಗೆ ಸಿದ್ಧನಾಗುತ್ತಾನೆ. ಮಠದ ವಿದ್ಯಾಲಯದ ವರದಿಯಲ್ಲಿಯೂ ಅಂತಹದೊಂದು ಪುಟವಿರಬೇಕು. ಜೂನ್ ತಿಂಗಳಲ್ಲಿ ಹೆಸರು ಬರೆಯಿಸಿದ ಮಕ್ಕಳಲ್ಲಿ ಏಪ್ರಿಲಿನವರೆಗೆ ಉಳಿದವರೆಷ್ಟು? ನಡುವೆ ಬಿಟ್ಟವರು ಎಲ್ಲಿಗೆ ಹೋದರು? ಪರೀಕ್ಷೆಯಲ್ಲಿ ತಪ್ಪಿದವರ ಗತಿಯೇನು? ಈ ಮೂರು ಪ್ರಶ್ನೆಗಳನ್ನು ಸಭೆಯ ಮುಂದಿಡುವುದೇ ಈ ಉಪನ್ಯಾಸದ ಉದ್ದೇಶ.

ಮಠಗಳೂ ದಾನಿಗಳೂ ವಿದ್ಯಾಕಾರ್ಯಕ್ಕೆ ಕೈಯಿಕ್ಕಿದ ಬಗೆಯನ್ನು ನೆನೆದರೆ ಈ ಪ್ರಶ್ನೆಗಳು ಹೊಸವಲ್ಲವೆಂಬುದು ತಿಳಿದೀತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳ್ಳಿಯ ಬಾಲಕನಿಗೆ ಬುದ್ಧಿಯ ಕೊರತೆಯಿರಲಿಲ್ಲ. ಪಟ್ಟಣದಲ್ಲಿ ತಂಗಲು ಸೂರಿನ ಕೊರತೆಯಿತ್ತು, ಎರಡು ಹೊತ್ತಿನ ಅನ್ನದ ಕೊರತೆಯಿತ್ತು. ಹಾನಗಲ್ಲ ಕುಮಾರಸ್ವಾಮಿಗಳ ಪ್ರಯತ್ನದಿಂದ 1904ರಲ್ಲಿ ಧಾರವಾಡದಲ್ಲಿ ಕೂಡಿದ ಮಹಾಸಭೆಯ ಪ್ರಥಮಾಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜರು ಈ ಕೊರತೆಯನ್ನು ಕಂಡರು. 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಪತ್ತನ್ನು ವಿದ್ಯಾರ್ಥಿಗಳ ಸಹಾಯಕ್ಕೆ ಮೀಸಲಿಟ್ಟರು. ಅದೇ ವರ್ಷ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಜನಿಸಿತು. 1916ರಲ್ಲಿ ಬಸವನಾಳ, ಸಾಖರೆ, ಹಂಚಿನಾಳ ಮೊದಲಾದ ತರುಣರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. 1933ರಲ್ಲಿ ಅದು ತೆರೆದ ಮಹಾವಿದ್ಯಾಲಯಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು.

ಮೈಸೂರು ಸೀಮೆಯಲ್ಲಿಯೂ ಇದೇ ಪರಿ. ಗುಬ್ಬಿ ತೋಟದಪ್ಪನವರ ಔದಾರ್ಯದಿಂದ ಬೆಂಗಳೂರಿನಲ್ಲಿ ವಿದ್ಯಾರ್ಥಿಗಳಿಗೆ ಆಶ್ರಯವಾಯಿತು. ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಸುತ್ತೂರಿನ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಆರಂಭಿಸಿ, ಹದಿಮೂರು ವರ್ಷಗಳ ತರುವಾಯ, 1954ರಲ್ಲಿ, ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಈ ಕ್ರಮವನ್ನು ಸಭೆಯು ಗಮನಿಸಬೇಕು. ಮೊದಲು ಅನ್ನ, ಅನಂತರ ಪೀಠ. ಬರಲಾರದ ಮಗುವನ್ನು ಬರುವಂತೆ ಮಾಡುವುದೇ ಮಠದ ಮೊದಲ ವಿದ್ಯಾಕಾರ್ಯವಾಗಿದ್ದಿತು.

ಈಗ ಅಂಕಿಗಳ ವಿಚಾರ. ಹತ್ತನೆಯ ಇಯತ್ತೆಯ ಪರೀಕ್ಷೆಯ ಫಲಿತಾಂಶವನ್ನೇ ಶಾಲೆಯ ಯೋಗ್ಯತೆಯ ಅಳತೆಗೋಲೆಂದು ಜನರು ಬಗೆಯುತ್ತಾರೆ. ಈ ಕೋಲು ಎಷ್ಟು ಬಾಗಬಲ್ಲುದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳುಂಟು. ಮಹಾಮಾರಿಯ ಕಾಲದಲ್ಲಿ, 2021ರಲ್ಲಿ, ಎಲ್ಲ ವಿಷಯಗಳ ಪರೀಕ್ಷೆಯನ್ನೂ ಎರಡೇ ದಿನಗಳಲ್ಲಿ ಸರಳವಾಗಿ ಮುಗಿಸಲಾಯಿತು. ಆ ವರ್ಷ ಬಹುಮಟ್ಟಿಗೆ ಎಲ್ಲರೂ ತೇರ್ಗಡೆಯಾದರು. ಆದರೆ ಆ ಮಕ್ಕಳು ತಿಂಗಳುಗಟ್ಟಲೆ ಶಾಲೆಯ ಬಾಗಿಲನ್ನೇ ಕಂಡಿರಲಿಲ್ಲ. 2023ರಲ್ಲಿ ಉತ್ತೀರ್ಣರಾದವರು ನೂರಕ್ಕೆ 83.89. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿರಿಸಿ ದೂರದಿಂದಲೇ ನೋಡುವ ವೆಬ್‌ಕಾಸ್ಟಿಂಗ್ ಏರ್ಪಾಡು ಆಯಿತು. ಆ 2024ರ ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರ ಪ್ರಮಾಣವು 73.40ಕ್ಕೆ ಇಳಿಯಿತು, ಅದೂ ಆ ವರ್ಷ ಎಂದಿಗಿಂತ ಹೆಚ್ಚಾಗಿ ಕೃಪಾಂಕಗಳನ್ನು ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿಯು ಅಷ್ಟು ಕುಗ್ಗಿತೆ? ಕುಗ್ಗಲಿಲ್ಲ. ಮುಚ್ಚಿದ್ದ ಕೊರತೆಯೊಂದು ಕಣ್ಣಿಗೆ ಬಿದ್ದಿತು, ಅಷ್ಟೆ.

ಆದುದರಿಂದ ‘ನೂರಕ್ಕೆ ನೂರು’ ಎಂಬ ಹಲಗೆಯನ್ನು ಶಾಲೆಯ ಬಾಗಿಲಿಗೆ ತೂಗುವ ಮುನ್ನ ಆಡಳಿತದವರು ತಮ್ಮ ಅಂತಃಕರಣವನ್ನು ಕೇಳಿಕೊಳ್ಳುವುದು ಒಳ್ಳೆಯದು. ಓದಿನಲ್ಲಿ ಹಿಂದುಳಿದ ಮಗುವಿನ ಕೈಗೆ ಒಂಬತ್ತನೆಯ ಇಯತ್ತೆಯಲ್ಲಿಯೇ ವರ್ಗಾವಣೆಯ ಪತ್ರವನ್ನು ಕೊಟ್ಟು ಸಾಗಹಾಕಿ, ಉಳಿದವರ ಫಲಿತಾಂಶವನ್ನು ಮೆರೆಯಿಸುವ ರೂಢಿಯು ಲೋಕದಲ್ಲಿ ಇಲ್ಲದಿಲ್ಲ. ವ್ಯಾಪಾರದ ಶಾಲೆಗೆ ಅದು ಲಾಭವೆನಿಸಬಹುದು. ದಾಸೋಹದ ಹೆಸರನ್ನು ಹೊತ್ತ ಸಂಸ್ಥೆಯು ಹಾಗೆ ಮಾಡಿದರೆ, ಪಂಕ್ತಿಯಲ್ಲಿ ಕುಳಿತ ಹಸಿದವನನ್ನು ಎಬ್ಬಿಸಿ ಉಂಡವನಿಗೆ ಮತ್ತೆ ಬಡಿಸಿದಂತಾಗುವುದು.

2024ರ ಅದೇ ಫಲಿತಾಂಶದಲ್ಲಿ ಇನ್ನೂ ಕೆಲವು ಪಾಠಗಳಿವೆ. ಬಾಲಿಕೆಯರಲ್ಲಿ ನೂರಕ್ಕೆ 81.11, ಬಾಲಕರಲ್ಲಿ 65.90 ಮಂದಿ ಉತ್ತೀರ್ಣರಾದರು. ಉಡುಪಿ ಜಿಲ್ಲೆಯಲ್ಲಿ ನೂರಕ್ಕೆ 94ರಷ್ಟು ಮಕ್ಕಳು ಗೆದ್ದರೆ, ಯಾದಗಿರಿ ಜಿಲ್ಲೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಸೋತರು. ದುಡಿಮೆಗಾಗಿ ತಾಯ್ತಂದೆಗಳು ಗುಳೆ ಹೋಗುವ ಸೀಮೆಯಲ್ಲಿ ಮಗುವಿನ ಪುಸ್ತಕವೂ ಅವರೊಡನೆ ಗಂಟು ಕಟ್ಟಲ್ಪಡುತ್ತದೆ. ಆ ವರ್ಷ 625ಕ್ಕೆ 625 ಅಂಕಗಳನ್ನು ಗಳಿಸಿದವಳು ಬಾಗಲಕೋಟೆ ಜಿಲ್ಲೆಯ ಒಬ್ಬ ರೈತನ ಮಗಳು. ಅವಳು ಓದಿದ್ದು ಸರಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ. ಇರಲು ನೆಲೆ, ಹೊತ್ತಿಗೆ ಸರಿಯಾದ ಊಟ, ರಾತ್ರಿ ಓದಲು ದೀಪ, ಸಂದೇಹ ಬಂದರೆ ಕೇಳಲು ಹತ್ತಿರದಲ್ಲಿ ಗುರುಗಳು ಇವಿಷ್ಟು ಒದಗಿದರೆ ಹೊಲದ ಬದುವಿನಿಂದ ಬಂದ ಮಗು ಎಲ್ಲಿಗೆ ಏರಬಲ್ಲುದೆಂಬುದನ್ನು ಅವಳು ತೋರಿಸಿಕೊಟ್ಟಳು. ಪ್ರಸಾದನಿಲಯಗಳನ್ನು ಕಟ್ಟಿದ ಹಿರಿಯರ ನಂಬಿಕೆಯೂ ಇದೇ ಆಗಿತ್ತು.

ಇನ್ನು ತಪ್ಪಿದ ಮಕ್ಕಳ ಮಾತು. ಹಿಂದೆ ಒಮ್ಮೆ ಸೋತವನ ವರ್ಷವೇ ಹಾಳಾಗುವ ಭಯವಿತ್ತು. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿಯು ಜಾರಿಗೆ ಬಂದಿತು. ಮೊದಲನೆಯದರಲ್ಲಿ ತಪ್ಪಿದವರು ಆ ವರ್ಷ ಜೂನಿನಲ್ಲಿ ಎರಡನೆಯದನ್ನೂ, ಆಗಸ್ಟಿನಲ್ಲಿ ಮೂರನೆಯದನ್ನೂ ಬರೆಯಲು ಅವಕಾಶವಾಯಿತು. ಬಾಗಿಲು ತೆರೆಯಿತು ನಿಜ. ಆ ಬಾಗಿಲವರೆಗೆ ಮಗುವನ್ನು ಕರೆತರುವವರಾರು? ಏಪ್ರಿಲಿನಲ್ಲಿ ಶಾಲೆಗೆ ಬಿಡುವು, ವಿದ್ಯಾರ್ಥಿನಿಲಯಕ್ಕೆ ಬೀಗ. ಫಲಿತಾಂಶವು ಹೊರಬೀಳುವ ಹೊತ್ತಿಗೆ ಹುಡುಗನು ಇಟ್ಟಿಗೆಭಟ್ಟಿಯಲ್ಲಿಯೋ ಪರವೂರಿನ ಹೋಟೆಲಿನಲ್ಲಿಯೋ ದುಡಿಯುತ್ತಿರುತ್ತಾನೆ. ಹುಡುಗಿಯ ಗತಿಯು ಇನ್ನೂ ಕಠಿಣ. ಹದಿನೆಂಟು ತುಂಬದ ಕನ್ಯೆಯ ವಿವಾಹವನ್ನು ಕಾಯಿದೆಯು ನಿಷೇಧಿಸಿದ್ದರೂ, ‘ಪರೀಕ್ಷೆಯಲ್ಲಿ ತಪ್ಪಿದಳು, ಇನ್ನೇಕೆ ಓದು’ ಎಂಬ ಒಂದು ಮಾತೇ ಬೇಸಗೆಯ ಲಗ್ನಕ್ಕೆ ನೆವವಾಗುವುದುಂಟು. ಈ ಎರಡು ತಿಂಗಳುಗಳಲ್ಲಿ ಕೈಬಿಟ್ಟ ಮಗು ಶಾಲೆಗೆ ಮರಳಿ ಬರುವುದು ಬಹು ದುರ್ಲಭ.

ಮಠದ ಭಕ್ತರು ಸಂಕಲ್ಪಿಸಬೇಕಾದ ಕಾರ್ಯವು ಇಲ್ಲಿದೆ. ಬೇಸಗೆಯ ಬಿಡುವಿನಲ್ಲಿ, ತಪ್ಪಿದ ಮಕ್ಕಳಿಗಾಗಿಯೇ ಪ್ರತಿಯೊಂದು ಪ್ರಸಾದನಿಲಯದ ಒಂದು ಭಾಗವು ತೆರೆದಿರಲಿ. ನಾಲ್ಕಾರು ಊರುಗಳ ಶಾಲೆಗಳಿಗೆ ಒಂದೊಂದು ಕೇಂದ್ರವಾದರೂ ಸಾಕು. ಬಾಲಿಕೆಯರಿಗೆ ಬೇರೆ ನೆಲೆ, ಕಾವಲಿಗೆ ಹಿರಿಯ ತಾಯಂದಿರು ಇರಲಿ. ಗಣಿತ, ವಿಜ್ಞಾನ, ಇಂಗ್ಲಿಷ್ ಬಲ್ಲ ನಿವೃತ್ತ ಉಪಾಧ್ಯಾಯರು ಊರೂರಲ್ಲಿ ಇದ್ದಾರೆ. ದಿನಕ್ಕೆರಡು ತಾಸು ಪಾಠ ಹೇಳುವುದು ಅವರಿಗೆ ಕಾಯಕವೇ ಆದೀತು. ಸುಗ್ಗಿಯಲ್ಲಿ ಮಠಕ್ಕೆ ಬರುವ ಜೋಳ, ಅಕ್ಕಿ, ಬೇಳೆಗಳಲ್ಲಿ ಒಂದು ಪಾಲನ್ನು ಈ ಪಂಕ್ತಿಗೆಂದೇ ಎತ್ತಿಡಬಹುದು. ಅದಕ್ಕಿಂತಲೂ ಮೊದಲು, ಫಲಿತಾಂಶ ಬಂದ ದಿನವೇ ಉಪಾಧ್ಯಾಯರೊಬ್ಬರು ತಪ್ಪಿದ ಮಗುವಿನ ಮನೆಯ ಕಟ್ಟೆಯ ಮೇಲೆ ಕುಳಿತು, ‘ಅಪ್ಪಾ, ಕೂಸು ಸೋತಿಲ್ಲ, ಇನ್ನೊಂದು ಸಲ ಬರೆಯಲಿ’ ಎಂದು ಹೇಳುವಂತಾಗಲಿ. ಅವಮಾನದಿಂದ ಕುಗ್ಗಿದ ಎಳೆಯ ಜೀವಕ್ಕೆ ಆ ಒಂದು ಮಾತು ಪ್ರಾಣವಾಯುವಿಗೆ ಸಮಾನ.

ದಾಸೋಹಕ್ಕೆ ಬಿಡುವೆಂಬುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣರೊಬ್ಬರು 1930ರಲ್ಲಿ ಸಿದ್ಧಗಂಗೆಯ ಹೊಣೆಗೆ ತಲೆಗೊಟ್ಟು ಶಿವಕುಮಾರ ಸ್ವಾಮಿಗಳಾದರು. ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಮಕ್ಕಳ ಊಟವಾದ ಮೇಲೆಯೇ ಸುದ್ದಿಯನ್ನು ತಿಳಿಸಬೇಕೆಂದು ಅವರು ಮೊದಲೇ ಹೇಳಿದ್ದರೆಂದು ಪತ್ರಿಕೆಗಳು ಅಂದು ಬರೆದವು. ತಮ್ಮ ಮರಣಕ್ಕಾಗಿಯೂ ಮಕ್ಕಳ ಒಂದು ಹೊತ್ತಿನ ಊಟವು ತಪ್ಪಬಾರದೆಂದು ಬಗೆದ ಮಹಾತ್ಮರ ನಾಡಿನಲ್ಲಿ, ಬೇಸಗೆಯೆಂಬ ಕಾರಣಕ್ಕೆ ಪ್ರಸಾದನಿಲಯಕ್ಕೆ ಬೀಗ ಬೀಳುವುದು ಉಚಿತವೆ?

ಸಾಧನೆಯ ಪಟ್ಟಿಯೂ ಇನ್ನಷ್ಟು ವಿಶಾಲವಾಗಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳ ಕೊರಳಿಗೆ ನಾದವನ್ನಿತ್ತು ಅವರನ್ನು ಸ್ವಾವಲಂಬಿಗಳನ್ನಾಗಿ ಮಾಡಿದರು. ಸುತ್ತೂರಿನ ಮಹಾವಿದ್ಯಾಪೀಠವು ಅಂಗವಿಕಲ ತರುಣರಿಗಾಗಿಯೇ ಮೈಸೂರಿನಲ್ಲಿ ಪಾಲಿಟೆಕ್ನಿಕ್ ಒಂದನ್ನು ತೆರೆಯಿತು. ಇವು ಯಾವ ಶೇಕಡಾವಾರು ಲೆಕ್ಕಕ್ಕೂ ಸಿಕ್ಕುವ ಸಾಧನೆಗಳಲ್ಲ. ತೊದಲುತ್ತಿದ್ದ ಹುಡುಗನು ವರ್ಷಾಂತ್ಯದ ಸಭೆಯಲ್ಲಿ ನಿಂತು ನಾಲ್ಕು ಮಾತನಾಡಿದುದೂ, ಮನೆಯಲ್ಲಿ ಯಾರೂ ಓದಿರದ ಹುಡುಗಿಯು ತಾಯಿಗೆ ಸಹಿ ಮಾಡಲು ಕಲಿಸಿದುದೂ ವರದಿಯಲ್ಲಿ ಬರೆಯತಕ್ಕ ವಾರ್ತೆಗಳೇ.

ಮಹಾಶಯರೇ, ಮುಂದಿನ ಚೈತ್ರದಲ್ಲಿ ಶಾಲೆಗಳು ಗುರುಸನ್ನಿಧಿಗೆ ಒಪ್ಪಿಸುವ ವರದಿಯ ಮೊದಲ ಪುಟದಲ್ಲಿ ತಪ್ಪಿದ ಮಕ್ಕಳ ಹೆಸರುಗಳಿರಲಿ. ಪ್ರತಿಯೊಂದು ಹೆಸರಿನ ಎದುರಿಗೆ ಆ ಮಗುವು ಈಗ ಎಲ್ಲಿದೆ, ಅದರ ಹೊಣೆ ಹೊತ್ತವರಾರು ಎಂಬುದನ್ನು ಬರೆಯಲಿ. ಗೆದ್ದವರ ಹೆಸರುಗಳು ಎರಡನೆಯ ಪುಟದಲ್ಲಿ ಬಂದರೆ ಅವರ ಕೀರ್ತಿಗೇನೂ ಕುಂದಿಲ್ಲ. ಆ ಮೊದಲ ಪುಟವು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುವಂತೆ ಶ್ರೀಗುರುವು ಭಕ್ತರಿಗೂ ಉಪಾಧ್ಯಾಯರಿಗೂ ಶಕ್ತಿಯನ್ನು ದಯಪಾಲಿಸಲಿ.