ಬಾಡಿನ ಸಾರು, ಒತ್ತುಶಾವಿಗೆ ಮತ್ತು ಎರಡು ಸೌದೆ



ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಬೇಗೂರು. ಈ ಸೀಮೆಯಲ್ಲಿ ನೆಂಟರು ಬಂದರೆ ರಾತ್ರಿಗೆ ಬಾಡಿನ ಸಾರು, ರಾಗಿಮುದ್ದೆ, ವಿಶೇಷವಿದ್ದರೆ ಒತ್ತುಶಾವಿಗೆ. ಈ ಊಟವನ್ನು ಇಂದು ವಿಜ್ಞಾನದ ಕಣ್ಣಿನಿಂದ ನೋಡೋಣ.

ಮೊದಲು ಒಂದು ಪ್ರಶ್ನೆ. ಸಾರು ಕೊತಕೊತ ಕುದಿಯುತ್ತಿದೆ, ಬಾಡು ಇನ್ನೂ ಬೆಂದಿಲ್ಲ. ಒಲೆಗೆ ಇನ್ನೆರಡು ಸೌದೆ ತುರುಕಿದರೆ ಬೇಗ ಬೇಯುತ್ತದೆಯೇ? ಇಲ್ಲ. ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಅದರ ಉಷ್ಣತೆ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ನೀವು ಪಾಠದಲ್ಲಿ ಓದಿದ ಗುಪ್ತೋಷ್ಣ ಇದೇ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಉರಿ ಎಷ್ಟೇ ಜೋರಾಗಲಿ, ಅಷ್ಟೇ.

ಹಾಗಾದರೆ ಬಾಡು ಮೆತ್ತಗಾಗುವುದು ಹೇಗೆ? ಮಾಂಸದ ಎಳೆಗಳನ್ನು ಕೊಲಾಜನ್ ಎಂಬ ಪ್ರೋಟೀನು ಕಟ್ಟಿ ಹಿಡಿದಿರುತ್ತದೆ. ಸುಮಾರು 70 ಡಿಗ್ರಿ ದಾಟಿದ ಮೇಲೆ ಅದು ನಿಧಾನವಾಗಿ ಜೆಲಟಿನ್ ಆಗಿ ಕರಗುತ್ತದೆ. ಇದಕ್ಕೆ ಬೇಕಾದುದು ದೊಡ್ಡ ಉರಿಯಲ್ಲ, ಸಮಯ. ಪ್ರೆಷರ್ ಕುಕ್ಕರಿನಲ್ಲಾದರೆ ಆವಿಯ ಒತ್ತಡದಿಂದ ಉಷ್ಣತೆ ಸುಮಾರು 120 ಡಿಗ್ರಿಗೆ ಏರುವುದರಿಂದ ಬಾಡು ಬೇಗ ಬೇಯುತ್ತದೆ. ಮೀನಿನಲ್ಲಿ ಕೊಲಾಜನ್ ಕಡಿಮೆ, ಇರುವುದೂ ಬೇಗ ಕರಗುವಂಥದು. ಅದಕ್ಕೇ ಮೀನನ್ನು ಸಾರು ಕುದಿದ ಮೇಲೆ ಹಾಕುತ್ತಾರೆ. ಬಾಡಿನಷ್ಟು ಹೊತ್ತು ಬೇಯಿಸಿದರೆ ಪಾತ್ರೆಯಲ್ಲಿ ಮುಳ್ಳು ಹುಡುಕಬೇಕಾದೀತು!

ಇನ್ನು ಶಾವಿಗೆ. ಇಟಲಿಯವರು ಗಟ್ಟಿ ಗೋಧಿಯ ರವೆಯಿಂದ ಪಾಸ್ತಾ ಮಾಡುತ್ತಾರೆ. ಅದರ ಎಳೆ ಕಡಿಯದಂತೆ ಕಾಯುವುದು ಗ್ಲುಟೆನ್ ಎಂಬ ಪ್ರೋಟೀನಿನ ಜಾಲ. ಅಕ್ಕಿಯಲ್ಲಾಗಲಿ ರಾಗಿಯಲ್ಲಾಗಲಿ ಗ್ಲುಟೆನ್ ಇಲ್ಲ. ಆದ್ದರಿಂದ ನಮ್ಮವರು ಹಿಟ್ಟನ್ನು ಮೊದಲು ಬೇಯಿಸಿ, ಬಿಸಿಯಿರುವಾಗಲೇ ಶಾವಿಗೆ ಒರಳಿನಲ್ಲಿ ಒತ್ತುತ್ತಾರೆ. ನೀರು ಹೀರಿ ಉಬ್ಬಿದ ಪಿಷ್ಟವೇ ಎಳೆಯನ್ನು ಹಿಡಿದಿಡುತ್ತದೆ. ಮುದ್ದೆ ಉಂಡೆಯಾಗಿ ನಿಲ್ಲುವುದೂ ಇದರಿಂದಲೇ.

ಇದನ್ನೆಲ್ಲ ತಿಳಿದು ಏನು ಪ್ರಯೋಜನ ಎನ್ನುತ್ತೀರಾ? 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡು ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಇದೆ. ಒಲೆಗೆ ಸುಮ್ಮನೆ ತುರುಕಿದ ಒಂದೊಂದು ಸೌದೆಯೂ ಯಾವುದೋ ಮರದ್ದು. ಅದನ್ನು ಹೊತ್ತು ತರುವವರು, ಅದರ ಹೊಗೆ ಕುಡಿಯುವವರು ಹೆಚ್ಚಾಗಿ ನಮ್ಮ ಅಮ್ಮಂದಿರು, ಅಕ್ಕಂದಿರು. ಗ್ಯಾಸ್ ಒಲೆಯ ಮನೆಯಲ್ಲಿ ಪೋಲಾಗುವುದು ಅಪ್ಪ ಅಮ್ಮ ದುಡಿದ ಹಣ.

ಈ ಭಾನುವಾರ ಹುಡುಗರೂ ಹುಡುಗಿಯರೂ ಹಿರಿಯರೊಡನೆ ಒಲೆಯ ಮುಂದೆ ಕುಳಿತುಕೊಳ್ಳಿ. ಸಾರು ಒಮ್ಮೆ ಕುದಿ ಬಂದೊಡನೆ ಮುಚ್ಚಳ ಮುಚ್ಚಿ, ಸೌದೆ ಹಿಂದಕ್ಕೆಳೆದು, ಸಣ್ಣಗೆ ಕುದಿಯುವಷ್ಟೇ ಉರಿ ಉಳಿಸಿ. ಬಾಡು ತಿನ್ನದ ಮನೆಯವರು ಹುರುಳಿಕಾಳಿನಲ್ಲಿ ಇದೇ ಪ್ರಯೋಗ ಮಾಡಬಹುದು. ಎಷ್ಟು ಸೌದೆ ಉಳಿಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಅಮ್ಮನಿಗೂ ಬಡಿಸಿ, ಎಲ್ಲರೂ ಒಟ್ಟಿಗೆ ಕುಳಿತು ಊಟಮಾಡಿ.