ತಾಯ್ತನ ಮತ್ತು ಉದ್ಯೋಗ: ನಮ್ಮ ಮನೆಗಳ ಮಾತು
(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ವೈದ್ಯರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಹೆದರಿಸುತ್ತಾರೆಂಬ ನಂಬಿಕೆಯಿದೆ. ಹೋಳಿಗೆ ಊಟ ಕಾದಿರುವಾಗ ಆ ಪಾಪ ನಮಗೆ ಬೇಡ. ಇಂದು ನಮ್ಮ ಹೆಣ್ಣುಮಕ್ಕಳ ಉದ್ಯೋಗದ ಬಗ್ಗೆ ಎರಡು ಮಾತು ಹೇಳುತ್ತೇವೆ.

ಮಲೇಷ್ಯಾದಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಉದ್ಯೋಗದಲ್ಲೋ ಅದರ ಹುಡುಕಾಟದಲ್ಲೋ ಇದ್ದಾರೆ. ಹೆಂಗಸರಲ್ಲಿ 2023ರಲ್ಲಿ ಈ ಸಂಖ್ಯೆ ಸುಮಾರು 56. ಇಪ್ಪತ್ತರ ಕೊನೆಯ ವರ್ಷಗಳವರೆಗೆ ಹುಡುಗಿಯರು ಚೆನ್ನಾಗಿಯೇ ಕೆಲಸಕ್ಕೆ ಹೋಗುತ್ತಾರೆ, ಆಮೇಲೆ ಇಳಿಮುಖ. ಜಪಾನ್, ಕೊರಿಯಾಗಳಲ್ಲಿ ಹೀಗೆ ಬಿಟ್ಟವರು ಮಕ್ಕಳು ದೊಡ್ಡವರಾದ ಮೇಲೆ ಅನೇಕರು ಮರಳುತ್ತಾರೆ. ಇಲ್ಲಿ ಮರಳುವವರು ಕಡಿಮೆ. ಶ್ರೀಮಂತ ದೇಶಗಳಲ್ಲಿಯೂ ಗಂಡು ಹೆಣ್ಣಿನ ಸಂಬಳದ ಅಂತರ ಈಗ ಬಹುಮಟ್ಟಿಗೆ ಮೊದಲ ಮಗುವಿನೊಂದಿಗೆ ಹುಟ್ಟುತ್ತದೆಂದು, 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದಾರೆ.

2023ರ ಜನವರಿ 1ರಿಂದ ಇಲ್ಲಿ ಹೆರಿಗೆ ರಜೆ 60 ದಿನದಿಂದ 98ಕ್ಕೆ ಏರಿತು. ತಂದೆಗೆ 7 ದಿನ. (ಅಷ್ಟರಲ್ಲಿ ಮಗುವಿನ ಹೊಕ್ಕುಳಬಳ್ಳಿ ಬಿದ್ದರೆ ಪುಣ್ಯ!) ಭಾರತದಲ್ಲಿ 2017ರಲ್ಲಿ 12 ವಾರವನ್ನು 26 ಮಾಡಿದರು. ಆದರೆ ಎರಡೂ ಕಡೆ ರಜೆಯ ಸಂಬಳ ಬಹುಪಾಲು ಮಾಲೀಕನ ಕೈಯಿಂದಲೇ ಹೋಗಬೇಕು. ಸಂದರ್ಶನದಲ್ಲಿ "ಮದುವೆ ಆಯಿತೇನಮ್ಮ?" ಎಂದು ಕೇಳುವುದು ಯೋಗಕ್ಷೇಮಕ್ಕಲ್ಲ.

ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎಂದು ಹೇಳುವ ವೈದ್ಯರು ನಾವೇ. ಆರು ತಿಂಗಳೆಂದರೆ 180 ದಿನ, ರಜೆ 98. ಉಳಿದ 82 ದಿನ? ರೆಸಿಡೆನ್ಸಿಯ ಕಾಲದಲ್ಲಿ ವಾರ್ಡಿನ ಬಾಣಂತಿಯರಿಗೆ ಈ ಪಾಠ ಹೇಳಿ, ಡ್ಯೂಟಿ ಕೋಣೆಯ ಬಚ್ಚಲಲ್ಲಿ ನಿಂತು ನಮ್ಮ ಹಾಲನ್ನು ಹಿಂಡಿ ಚೆಲ್ಲಿದ್ದೇವೆ. "ಇದನ್ನೆಲ್ಲ ಸೀಟು ತಗೊಳ್ಳೋ ಮುಂಚೆ ಯೋಚಿಸಬೇಕಿತ್ತು" ಎಂದ ಹಿರಿಯರೊಬ್ಬರ ಮಾತು ಇನ್ನೂ ಕಿವಿಯಲ್ಲಿದೆ.

ಊರಿನಲ್ಲಾದರೆ ತವರಿನಲ್ಲಿ ಮೂರು ತಿಂಗಳ ಬಾಣಂತನ. ಇಲ್ಲಿಗೆ ಭಾರತೀಯರು 2023ರ ಡಿಸೆಂಬರ್ 1ರಿಂದ ವೀಸಾ ಇಲ್ಲದೆ ಬರಬಹುದಾಯಿತು, ಆದರೆ ಒಮ್ಮೆಗೆ 30 ದಿನ. ಮಗುವಿಗೆ ಎಣ್ಣೆನೀರು ಹಾಕುವುದನ್ನು ನಾವು ಕಲಿಯುವಷ್ಟರಲ್ಲಿ ಅಮ್ಮ ಪೆಟ್ಟಿಗೆ ಕಟ್ಟುತ್ತಾರೆ. ಆಮೇಲೆ ತಾಸ್ಕಾ, ಅಂದರೆ ಇಲ್ಲಿನ ಶಿಶುವಿಹಾರ. ಅದರ ಬಾಗಿಲು ಹಾಕುವ ಹೊತ್ತಿಗೆ ನಾವಿನ್ನೂ ಫೆಡರಲ್ ಹೈವೇಯಲ್ಲಿ ಸಿಕ್ಕಿಕೊಂಡಿರುತ್ತೇವೆ. ಗಂಡನ ಜೊತೆ ಡಿಪೆಂಡೆಂಟ್ ಪಾಸಿನಲ್ಲಿ ಬಂದವರ ಪಾಡು ಬೇರೆ. ಆ ಪಾಸಿನ ಮೇಲೆ ದುಡಿಯುವಂತಿಲ್ಲ. ಈ ಸಭೆಯಲ್ಲೇ ಎಂಜಿನಿಯರುಗಳಿದ್ದಾರೆ, ಉಪಾಧ್ಯಾಯಿನಿಯರಿದ್ದಾರೆ. "ಹೇಗೂ ಮನೆಯಲ್ಲಿದ್ದೀಯಲ್ಲ, ಮಗು ಆಗಲಿ" ಎಂದವರುಂಟು. ಮುಂದೆ ಪಾಸು ಬದಲಾದರೂ ಐದಾರು ವರ್ಷದ ಬಿಡುವನ್ನು ಅರ್ಜಿಯಲ್ಲಿ ಏನೆಂದು ಬರೆಯುವುದು?

ನಾವು ಮಾತು ಆರಂಭಿಸಿದ ಮೇಲೆ ಅಳುವ ಮಕ್ಕಳನ್ನೆತ್ತಿಕೊಂಡು ಐವರು ಹೊರಗೆ ಹೋದರು. ಐವರೂ ತಾಯಂದಿರು. ತಂದೆಯರು ನಮ್ಮ ಭಾಷಣವನ್ನು ಶ್ರದ್ಧೆಯಿಂದ ಕೇಳುತ್ತಿದ್ದಾರೆ, ಅವರಿಗೆ ಕೃತಜ್ಞತೆಗಳು.

ಕಾನೂನು ತಿದ್ದುವುದು ನಮ್ಮ ಸಂಘದ ಕೈಯಲ್ಲಿಲ್ಲ. ಆದರೆ ಅಮ್ಮ ಊರಿಗೆ ಮರಳಿದ ಮಾರನೆಯ ದಿನದಿಂದ ಹೊಸ ಬಾಣಂತಿಯ ಮನೆಗೆ ಸರದಿಯಂತೆ ಒಬ್ಬೊಬ್ಬರು ಹೋಗಬಹುದು. ಸಂಜೆ ತಾಸ್ಕಾದಿಂದ ಮಗುವನ್ನು ಕರೆತರಬಹುದು. ಊಟದ ಕೋಣೆಯ ಬಾಗಿಲ ಬಳಿ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಸಮಯವಿರುವವರು ಹೆಸರು, ವಾಸದ ಪ್ರದೇಶ, ಬಿಡುವಿನ ದಿನ ಬರೆಯಿರಿ. ಗಂಡಸರಿಗೂ ಪುಟ ಬಿಟ್ಟಿದ್ದೇವೆ.